ಸೀಗೆಹಟ್ಟಿಗೆ ನೀರ ದಾರಿ

ಸೀಗೆಹಟ್ಟಿ
೧೨ ಫೆಬ್ರುವರಿ ೨೦೨೫

ಅವ್ವಾ,

ಬಂದು ಸೇರಿದ್ದೇನೆ. ಬಂದ ದಿನವೇ ಬರೆಯಲು ಕೂತೆ. ಸಾಲು ನೆಟ್ಟಗೆ ಬರಲಿಲ್ಲ. ಅಕ್ಷರ ನೋಡಿ ನೀನು ಗಾಬರಿಯಾಗುತ್ತೀಯೆಂದು ಎತ್ತಿಟ್ಟೆ.

ಮಗಳಿಗೆ ಅಂಚೆ ಕೆಲಸ ಸಿಕ್ಕಿತೆಂದು ನೀನು ಚಿಕ್ಕಜಾಜೂರಿನಲ್ಲಿ ಅಂಗಡಿಗೆ ಬಂದವರಿಗೆಲ್ಲ ಚಹಾ ಕುಡಿಸಿದೆಯಲ್ಲ, ಆ ಕೆಲಸದ ಊರು ಹೇಗಿದೆ ಕೇಳು. ಮಾರಿಕಣಿವೆ ಅಣೆಕಟ್ಟೆಯ ನೀರು ಈ ಸಲ ಹಿಂದಕ್ಕೆ ಒತ್ತಿಕೊಂಡು ಇಲ್ಲಿಯವರೆಗೆ ಬಂದುಬಿಟ್ಟಿದೆ. ಹೊಸದುರ್ಗದ ಬಸ್ಸು ನಿಲ್ಲುವ ದಿನ್ನೆಗೂ ಸೀಗೆಹಟ್ಟಿಗೂ ನಡುವೆ ಇದ್ದ ರಸ್ತೆ ನೀರಿನಡಿ ಹೋಗಿದೆ. ಈ ದಡದಲ್ಲಿ ಟಾರು ರಸ್ತೆ ನೀರಿಗಿಳಿಯುವುದು ಕಾಣುತ್ತದೆ. ಆಚೆ ದಡದಲ್ಲಿ ಅದೇ ರಸ್ತೆ ಎದ್ದು ಬರುವುದೂ ಕಾಣುತ್ತದೆ. ನಡುವೆ ಬರೀ ನೀರು. ಗುಡ್ಡ ಬಳಸಿ ಒಂದು ಸುತ್ತು ದಾರಿ ಇದೆ; ಅದರಲ್ಲಿ ಟ್ರ್ಯಾಕ್ಟರ್ ಬಿಟ್ಟರೆ ಏನೂ ಹೋಗುವುದಿಲ್ಲ.

ಟಪಾಲು ಚೀಲ ದಿನಾ ಬಸ್ಸಿನಲ್ಲಿ ದಿನ್ನೆಗೆ ಬರುತ್ತದೆ. ನಾನು ಹೋಗಿ ತರಬೇಕು. ತೆಪ್ಪದಲ್ಲಿ.

ತೆಪ್ಪವೆಂದರೆ ದೊಡ್ಡ ಬುಟ್ಟಿ ಅಷ್ಟೆ. ಬಿದಿರು ಹೆಣೆದು, ಕೆಳಗೆ ಪ್ಲಾಸ್ಟಿಕ್ ಹಾಸಿ ಡಾಂಬರು ಬಳಿದಿದ್ದಾರೆ. ಅದನ್ನು ನಡೆಸುವವಳು ಹುಚ್ಚಕ್ಕ ಅಂತ, ಮೀನು ಹಿಡಿಯುವವರ ಪೈಕಿ, ನಿನಗಿಂತ ಹಿರಿಯಳು. ಮೊದಲ ದಿನ ಬಸ್ಸಿಳಿದು ಬಂದು ಕಾಲಿಟ್ಟೊಡನೆ ಅದು ನನ್ನ ಕೆಳಗೆ ಜರುಗಿತು. ನಾನು ಕಿರುಚಿದೆ. ದಡದಲ್ಲಿದ್ದ ಮಕ್ಕಳು ನಕ್ಕವು.

ಹುಚ್ಚಕ್ಕ ನಗಲಿಲ್ಲ. “ನೀರು ನೋಡಬ್ಯಾಡ ಮೇಡಮ್ಮ. ಆಚೆ ಜಾಲಿ ಮರ ಐತಲ್ಲ, ಅದನ್ನ ನೋಡು,” ಅಂದಳು. ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: “ಹೆದರ್ಕೆ ಆಗ್ತೈತಾ?”

“ಆಗ್ತೈತೆ.”

“ಆಗ್ಲಿ ಬಿಡು. ಹೆದರ್ದೋರು ನಡುವೆ ಕುಂತ್ಕಂತಾರೆ. ಅದೇ ಬೇಕಾಗಿರಾದು.”

ಇಲ್ಲಿ ಟವರ್ ಸಿಗುವುದಿಲ್ಲ, ಗುಡ್ಡ ಅಡ್ಡ. ಸಿಕ್ಕಿದ್ದರೂ ಫೋನಿನಲ್ಲಿ ನನ್ನ ಮಾತು ನಿನಗೆ ಕೇಳಿಸುತ್ತಿರಲಿಲ್ಲ. ಆದ್ದರಿಂದ ಕಾಗದವೇ ಸರಿ. ನೀನೂ ಬರಿ.

ನಿನ್ನ,
ದಾಕ್ಷಾಯಿಣಿ

---

ಚಿಕ್ಕಜಾಜೂರು
೨೪ ಫೆಬ್ರುವರಿ ೨೦೨೫

ದಾಕ್ಷಾಯಿಣಿಗೆ ಅವ್ವ ಬರೆಯುವುದು.

ನಿನ್ನ ಕಾಗದ ಓದಿದ ದಿನ ಹಿಟ್ಟಿಗೆ ಉಪ್ಪು ಎರಡು ಸಲ ಹಾಕಿದೆ. ಇಡ್ಲಿ ಯಾರೂ ತಿನ್ನಲಿಲ್ಲ.

ನೀನು ಈಜು ಕಲಿತವಳಲ್ಲ. ಇಲ್ಲಿ ಕಲಿಯುವುದಕ್ಕೆ ನೀರಾದರೂ ಎಲ್ಲಿತ್ತು. ಸ್ಟೇಷನ್ನಿನ ನಲ್ಲಿ ಬಿಟ್ಟರೆ ನೀನು ನೀರು ಕಂಡದ್ದು ಬಿಂದಿಗೆಯಲ್ಲಿ. ಕೆಲಸ ಬಿಡು ಎಂದು ಹೇಳುತ್ತಿಲ್ಲ. ಬೇರೆ ಊರು ಕೇಳು ಅನ್ನುತ್ತಿದ್ದೇನೆ. ಸುತ್ತು ದಾರಿ ಇದ್ದರೆ ಗಾಡಿ ಕಲಿ.

ನನಗೆ ಕಿವಿ ಹೋದ ಮೇಲೆ ಒಂದು ಅಭ್ಯಾಸ ಬಿದ್ದಿದೆ. ರೈಲು ಬಂದದ್ದು ಅಂಗಾಲಿಗೆ ಗೊತ್ತಾಗುತ್ತದೆ. ಮನುಷ್ಯರು ಏನಂದರು ಎನ್ನುವುದು ತುಟಿ ನೋಡಿದರೆ ಗೊತ್ತಾಗುತ್ತದೆ. ನನ್ನ ಫೋನು ಪಕ್ಕದ ಮನೆಯ ಚಂದ್ರಕ್ಕನ ಹತ್ತಿರವೇ ಇರುತ್ತದೆ, ಬಂದರೆ ಅವಳೇ ಮಾತಾಡಿ ನನಗೆ ಹೇಳುತ್ತಾಳೆ. ನೀನು ಹೋದಾಗಿನಿಂದ ಅವಳು ಫೋನು ಕಿವಿಗೆ ಇಟ್ಟುಕೊಂಡರೆ ನಾನು ಸೌಟು ಹಿಡಿದು ಹಾಗೇ ನಿಲ್ಲುತ್ತೇನೆ. ನಿಮ್ಮೂರಲ್ಲಿ ಟವರ್ ಇಲ್ಲವೆಂದರೆ ನೀನು ಫೋನು ಮಾಡುವುದಿಲ್ಲ. ಬಂದರೆ ಬೇರೆಯವರಿಂದ ಬರಬೇಕು. ಒಳ್ಳೆಯ ಸುದ್ದಿ ಹೇಳಲು ಬೇರೆಯವರು ಫೋನು ಮಾಡುವುದಿಲ್ಲ.

ನಿನ್ನೆ ಅವಳು ಫೋನಿನಲ್ಲಿ ಮಾತಾಡುತ್ತ ನನ್ನ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಸೌಟು ಬಿಟ್ಟು ಅವಳ ಹತ್ತಿರ ಓಡಿದೆ. ಅವಳು ಆಕಳಿಸಿದ್ದಳು, ಅಷ್ಟೆ.

ಚಿತ್ರದುರ್ಗದ ದೊಡ್ಡ ಕಚೇರಿಗೆ ಅರ್ಜಿ ಹಾಕು.

ಅವ್ವ,
ಕೊಟ್ರಮ್ಮ

---

ಸೀಗೆಹಟ್ಟಿ
೬ ಏಪ್ರಿಲ್ ೨೦೨೫

ಅವ್ವಾ,

ಅರ್ಜಿ ಹಾಕಿದ್ದೇನೆ. ಹೊಸಬರಿಗೆ ಇಷ್ಟು ಬೇಗ ಬದಲಿ ಕೊಡುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಪಂಚಾಯ್ತಿಯವರು ಎರಡು ಕಿತ್ತಳೆ ಬಣ್ಣದ ಜಾಕೆಟ್ ಕೊಟ್ಟಿದ್ದಾರೆ, ನೀರಿನಲ್ಲಿ ತೇಲಿಸುವಂಥವು. ನಾನು ದಿನಾ ಹಾಕಿಕೊಳ್ಳುತ್ತೇನೆ. ಹುಚ್ಚಕ್ಕ ಸೆಕೆ ಎಂದು ಮಡಚಿ ಅದರ ಮೇಲೆ ಕೂರುತ್ತಾಳೆ.

ಅವಳು ನನಗೆ ಹುಟ್ಟು ಹಾಕಲು ಕಲಿಸುತ್ತಿದ್ದಾಳೆ. ಹುಟ್ಟನ್ನು ಮುಂದೆ ನೀರಿಗೆ ಇಳಿಸಿ ತನ್ನ ಕಡೆ ಎಳೆದುಕೊಳ್ಳಬೇಕು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಾನು ಹಾಕಿದರೆ ತೆಪ್ಪ ನಿಂತಲ್ಲೇ ಬುಗುರಿಯಂತೆ ಸುತ್ತುತ್ತದೆ. ತಲೆ ಸುತ್ತಿ ಯಾವ ದಡ ಯಾವುದೆಂದು ತಿಳಿಯುವುದಿಲ್ಲ. ಆಗ ಆಗುವ ದಿಗಿಲು ಹೇಳಲಾರೆ.

ಇನ್ನೊಂದು ದಿಗಿಲು ನೀರಿನಡಿಯ ಮರಗಳದ್ದು. ಹುಣಸೆ, ಬೇವು, ಹೊಂಗೆ ಎಲ್ಲ ಒಳಗೆ ನಿಂತಿವೆ. ಕೆಲವು ಕೊಂಬೆ ಮೇಲೆ ಕಾಣುತ್ತವೆ, ಕೆಲವು ಕಾಣುವುದಿಲ್ಲ. ಕಾಣದ್ದು ತಳಕ್ಕೆ ತಾಗಿ ಕರಕರ ಎಂದರೆ ಅದು ನನ್ನ ಬೆನ್ನುಮೂಳೆಗೇ ತಾಗಿದ ಹಾಗಾಗುತ್ತದೆ.

ಆದರೂ ಹೇಳಬೇಕು. ಮೊನ್ನೆ ಬೆಳಿಗ್ಗೆ ನೀರು ಅಲ್ಲಾಡದೆ ಇತ್ತು. ನಾನು ಹಾಕಿದ ಹುಟ್ಟಿಗೆ ತೆಪ್ಪ ಸುತ್ತದೆ ಮುಂದಕ್ಕೆ ಹೋಯಿತು. ಹುಚ್ಚಕ್ಕ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, “ಹಂಗೆ,” ಅಂದಳು. ಅಷ್ಟೇ ಅಂದದ್ದು. ಆ ಇಡೀ ದಿನ ಯಾರನ್ನು ಕಂಡರೂ ನಗು ಬರುತ್ತಿತ್ತು.

ಅವಳು ಯಾವಾಗಲೂ ಜೊತೆಗಿರುತ್ತಾಳೆ. ನೀನು ಹೆದರಬೇಡ.

ದಾಕ್ಷಾಯಿಣಿ

---

ಸೀಗೆಹಟ್ಟಿ
೧೫ ಜುಲೈ ೨೦೨೫

ಅವ್ವಾ,

ಕ್ಷೇಮ. ಗಾಳಿ ಜೋರು. ಕೆಲಸ ಜಾಸ್ತಿ ಇರುವುದರಿಂದ ಹೆಚ್ಚು ಬರೆಯಲು ಆಗುತ್ತಿಲ್ಲ. ಊಟ ಸರಿಯಾಗಿ ಮಾಡುತ್ತಿದ್ದೇನೆ. ಚಂದ್ರಕ್ಕನನ್ನು ಕೇಳಿದೆನೆಂದು ಹೇಳು.

ದಾಕ್ಷಾಯಿಣಿ

---

ಚಿಕ್ಕಜಾಜೂರು
೨ ಆಗಸ್ಟ್ ೨೦೨೫

ದಾಕ್ಷಾಯಿಣಿ,

ನಿನ್ನ ಕಾಗದದಲ್ಲಿ ಹುಚ್ಚಕ್ಕನ ಹೆಸರಿಲ್ಲ. ಹಿಂದಿನ ಯಾವ ಕಾಗದದಲ್ಲೂ ಅವಳನ್ನು ಬಿಟ್ಟು ನೀನು ಬರೆದವಳಲ್ಲ.

ಮೊನ್ನೆ ಹೊಸದುರ್ಗದ ಕಡೆಯ ಒಬ್ಬ ತೆಂಗಿನಕಾಯಿ ವ್ಯಾಪಾರಿ ರೈಲಿಗೆ ಕಾಯುತ್ತ ಅಂಗಡಿಯಲ್ಲಿ ಕೂತಿದ್ದ. ಚಂದ್ರಕ್ಕನ ಹತ್ತಿರ ಏನೋ ಹೇಳುತ್ತಿದ್ದ. ಅವನ ಮೀಸೆ ದಪ್ಪ, ತುಟಿ ಓದಲು ಆಗಲಿಲ್ಲ. ಚಂದ್ರಕ್ಕನ ಮುಖ ಓದಿದೆ. ಅವನು ಹೋದ ಮೇಲೆ ಎದುರಿಗೆ ನಿಲ್ಲಿಸಿಕೊಂಡು ಕೇಳಿದೆ. ಅವಳು ತಪ್ಪಿಸಿಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. “ಸೀಗೆಹಟ್ಟಿಯಾಗೆ ಈಗ ಪೋಸ್ಟ್ ಮೇಡಮ್ಮೇ ತೆಪ್ಪ ಹಾಕ್ತಾರಂತೆ, ಒಬ್ರೇ,” ಅಂದಳು.

ನಡೆದದ್ದನ್ನು ಬರಿ. ನನಗೆ ಕೇಳಿಸುವುದಿಲ್ಲವೆಂದು ಎಲ್ಲರೂ ನನ್ನ ಮುಂದೆ ಮುಖ ತಿರುಗಿಸುತ್ತಾರೆ. ನೀನೂ ಹಾಗೆ ಮಾಡಬೇಡ.

ಅವ್ವ

---

ಸೀಗೆಹಟ್ಟಿ
೯ ಆಗಸ್ಟ್ ೨೦೨೫

ಅವ್ವಾ,

ಬರೆಯುತ್ತೇನೆ. ಕೂತು ಓದು.

ಆಷಾಢದ ಗಾಳಿ ಶುರುವಾಗಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಬೆಳಗಿನಿಂದಲೇ ಬಿಡುವಿಲ್ಲದೆ ತಿರುಗುತ್ತಿದ್ದವು. ಚೀಲ ತೆಗೆದುಕೊಂಡು ದಿನ್ನೆಯಿಂದ ಹೊರಟಾಗ ಮಧ್ಯಾಹ್ನ. ನಾನು ಮತ್ತು ಹುಚ್ಚಕ್ಕ, ಇಬ್ಬರೇ. ಅರ್ಧ ದಾಟಿದ್ದೆವು. ಅವಳ ಕೈಯಿಂದ ಹುಟ್ಟು ಜಾರಿ ತೆಪ್ಪದೊಳಗೆ ಬಿತ್ತು. ಅವಳು ಅದನ್ನು ನೋಡಿದಳು, ಎತ್ತಿಕೊಳ್ಳಲಿಲ್ಲ. ಅವಳ ಬಾಯಿ ಒಂದು ಕಡೆಗೆ ಇಳಿದಿತ್ತು. “ಹುಚ್ಚಕ್ಕ, ಏನಾಯ್ತು?” ಎಂದೆ. ಅವಳು ಏನೋ ಅಂದಳು, ಅದು ಮಾತಾಗಿರಲಿಲ್ಲ. ಹಾಗೇ ಮಗ್ಗುಲಿಗೆ ವಾಲಿ ನನ್ನ ಕಾಲ ಮೇಲೆ ಬಿದ್ದಳು.

ತೆಪ್ಪ ಸುತ್ತತೊಡಗಿತು. ಹುಟ್ಟು ತೆಗೆದುಕೊಂಡು ಕಲಿತದ್ದನ್ನೆಲ್ಲ ಮಾಡಿದೆ. ಒಂದೂ ನಡೆಯಲಿಲ್ಲ. ಗಾಳಿ ನಮ್ಮನ್ನು ಹಟ್ಟಿಯಿಂದ ದೂರ, ನೀರು ಅಗಲವಾಗುವ ಕಡೆಗೆ ತಳ್ಳುತ್ತಿತ್ತು. ಆ ಕಡೆ ದಡ ಒಂದು ಗೆರೆಯಷ್ಟೇ ಕಾಣುತ್ತದೆ. ಅಲೆ ಅಂಚಿಗೆ ಹೊಡೆದು ಒಳಗೆ ಚೆಲ್ಲುತ್ತಿತ್ತು. ನಾನು ಅತ್ತೆ, ದೊಡ್ಡ ದನಿಯಲ್ಲಿ. ಯಾರನ್ನು ಕರೆದೆನೋ ಗೊತ್ತಿಲ್ಲ. ಹುಚ್ಚಕ್ಕನ ಕಣ್ಣು ತೆರೆದಿದ್ದವು. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ತಿಳಿಯುತ್ತಿದೆ, ಏನೂ ಹೇಳಲು ಆಗುತ್ತಿಲ್ಲ ಎಂದು ಆಗ ಗೊತ್ತಾಯಿತು. ಅದಕ್ಕಿಂತ ಭಯದ ಹೊತ್ತು ನನ್ನ ಜೀವನದಲ್ಲಿ ಬಂದಿಲ್ಲ.

ಗಾಳಿಗೆ ಎದುರು ಹೋಗುವುದು ಬಿಟ್ಟೆ. ಅಡ್ಡಕ್ಕೆ ಸ್ವಲ್ಪ ಸ್ವಲ್ಪ ಎಳೆದೆ, ಮುಳುಗಿದ ಹುಣಸೆ ತೋಪಿನ ಕಡೆಗೆ. ಒಂದು ಕೊಂಬೆ ಕೈಗೆ ಸಿಕ್ಕಿತು. ಅಂಗೈ ಸುಲಿದರೂ ಬಿಡಲಿಲ್ಲ. ನನ್ನ ದುಪಟ್ಟಾ ಬಿಚ್ಚಿ ತೆಪ್ಪವನ್ನು ಅದಕ್ಕೆ ಕಟ್ಟಿದೆ. ಜಾಕೆಟ್ ಅವಳಿಗೆ ತೊಡಿಸಲು ನೋಡಿದೆ, ಆಗಲಿಲ್ಲ, ತಲೆಯ ಕೆಳಗಿಟ್ಟೆ. ಊಟದ ಡಬ್ಬಿಯಲ್ಲಿ ನೀರು ಮೊಗೆಯುತ್ತ ಕೂತೆ. ಮೊಗೆಯುವುದು, ಅವಳ ಮೂಗಿನ ಹತ್ತಿರ ಕೈ ಇಟ್ಟು ಉಸಿರು ನೋಡುವುದು, ಮತ್ತೆ ಮೊಗೆಯುವುದು. ದುಪಟ್ಟಾದ ಗಂಟು ಸಡಿಲವಾಗುತ್ತಿದೆಯೆಂದು ಹತ್ತಾರು ಸಲ ಅನ್ನಿಸಿತು.

ಹೊತ್ತು ಇಳಿದಾಗ ಗಾಳಿ ತಗ್ಗಿತು. ಗಂಟು ಬಿಚ್ಚಲು ಧೈರ್ಯ ಬರಲಿಲ್ಲ. ಅವಳ ಎಡಗೈ ನನ್ನ ಮಣಿಕಟ್ಟನ್ನು ಹಿಡಿದು ಒಮ್ಮೆ ಜಗ್ಗಿತು. ಬಿಚ್ಚಿದೆ. ನಾನೇ ಹುಟ್ಟು ಹಾಕಿ ಹಟ್ಟಿ ಮುಟ್ಟಿದೆ. ಹಟ್ಟಿಯವರು ದಡದಲ್ಲಿ ಸೇರಿದ್ದರು. ಗೊಲ್ಲಪ್ಪ ಅಂತ ಒಬ್ಬರು ಟ್ರ್ಯಾಕ್ಟರಿಗೆ ಹುಲ್ಲು ಹಾಸಿ ಸುತ್ತು ದಾರಿಯಲ್ಲೇ ಹೊಸದುರ್ಗದ ಆಸ್ಪತ್ರೆಗೆ ಸೇರಿಸಿದರು. ಲಕ್ವ. ಬದುಕಿದಳು. ಬಲಗೈ ಏಳುವುದಿಲ್ಲ, ಮಾತು ಅರ್ಧ ಬಂದಿದೆ.

ಹಟ್ಟಿಯಲ್ಲಿ ಉಳಿದ ಮೀನುಗಾರರು ಬೆಳಗಾಗುವ ಮುಂಚೆ ದೂರ ಹೋಗುತ್ತಾರೆ. ಮರುದಿನ ತೆಪ್ಪ ದಡದಲ್ಲಿ ಮಗುಚಿ ಬಿದ್ದಿತ್ತು. ಚೀಲ ಬರಬೇಕಿತ್ತು. ಅದರಲ್ಲಿ ಔಷಧಿಯ ಪಾರ್ಸೆಲ್ ಇರುತ್ತದೆ. ಆಚೆ ದಡದ ಶಾಲೆಗೆ ಹೋಗುವ ಹುಡುಗಿಯರು ದಡದಲ್ಲಿ ಬ್ಯಾಗು ಹಿಡಿದು ನಿಂತಿದ್ದರು. ಯಾರೂ ನನಗೆ ಹಾಕು ಅನ್ನಲಿಲ್ಲ. ನಾನೇ ಮಗುಚಿದ್ದನ್ನು ತಿರುಗಿಸಿದೆ. ಅದಕ್ಕೂ ಮುಂಚೆ ಜಾಲಿ ಮರದ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಈಗಲೂ ಕೆಲವು ದಿನ ಹಾಗಾಗುತ್ತದೆ. ಗಾಳಿ ಇದ್ದರೆ ಹೋಗುವುದಿಲ್ಲ, ಮಕ್ಕಳನ್ನೂ ಬಿಡುವುದಿಲ್ಲ.

ನಿನಗೆ ಬರೆಯದೆ ಇದ್ದದ್ದು ಯಾಕೆಂದರೆ, ಬರೆದರೆ ನೀನು ಬೇಡ ಅನ್ನುತ್ತೀಯ, ನಾನು ಹೂಂ ಅಂದುಬಿಡುತ್ತೇನೆ ಅನ್ನಿಸಿತ್ತು.

ದಾಕ್ಷಾಯಿಣಿ

---

ಚಿಕ್ಕಜಾಜೂರು
೨೦ ಆಗಸ್ಟ್ ೨೦೨೫

ಓದಿದೆ. ದೀಪಾವಳಿ ಆದ ಮೇಲೆ ಬರುತ್ತೇನೆ. ಆ ನೀರನ್ನು ನಾನೇ ನೋಡಬೇಕು.

ಅವ್ವ

---

ಚಿಕ್ಕಜಾಜೂರು
೩ ನವೆಂಬರ್ ೨೦೨೫

ದಾಕ್ಷಾಯಿಣಿ,

ಊರು ಸೇರಿದೆ. ನಿನ್ನ ಮನೆಯಲ್ಲಿ ಇದ್ದ ಎರಡು ದಿನ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ನೀನು ರೊಟ್ಟಿ ಬಡಿದೆ, ನಾನು ಪಾತ್ರೆ ತೊಳೆದೆ. ಹಿಂತಿರುಗಿ ಬರುವಾಗ ಗೊಲ್ಲಪ್ಪನ ಟ್ರ್ಯಾಕ್ಟರಿನಲ್ಲಿ ಸುತ್ತು ದಾರಿ ಹಿಡಿದೆ, ನೀನೂ ತೆಪ್ಪದಲ್ಲಿ ಬಾ ಅನ್ನಲಿಲ್ಲ. ಬಾಯಲ್ಲಿ ಆಗದ್ದನ್ನು ಈಗ ಬರೆಯುತ್ತೇನೆ. ನಾನು ಬಂದ ದಿನ ನೀರಿನ ಮೇಲೆ ಆದದ್ದು ನಿನಗೂ ಗೊತ್ತು. ಅದು ನನಗೆ ಹೇಗಿತ್ತು ಎನ್ನುವುದು ನಿನಗೆ ಗೊತ್ತಿಲ್ಲ.

ಬಸ್ಸಿಳಿದು ನಿನ್ನನ್ನು ಕಂಡಾಗ ಗುರುತು ಹತ್ತಲಿಲ್ಲ. ಅಷ್ಟು ಕಪ್ಪಾಗಿದ್ದೀಯ, ತೋಳು ಗಟ್ಟಿಯಾಗಿದೆ. ನೀನು ನನಗೆ ಜಾಕೆಟ್ ತೊಡಿಸಿ ನಡುವೆ ಕೂರಿಸಿದೆ. ಹೋಳಿಗೆ ಡಬ್ಬಿ ನನ್ನ ತೊಡೆಯ ಮೇಲಿತ್ತು. ನೀರು ತಣ್ಣಗೆ ಮಲಗಿತ್ತು. ನಾನು ನೀನು ಹೇಳಿದ್ದ ಜಾಲಿ ಮರವನ್ನೇ ನೋಡುತ್ತಿದ್ದೆ.

ನಡುವೆ ಒಂದು ಕಡೆ ಕೆಳಗಿನಿಂದ ಏನೋ ಗುದ್ದಿತು. ನನಗೆ ಅದು ರೈಲು ಬಂದಂತೆ ಅಂಗಾಲಿಗೆ ಗೊತ್ತಾಯಿತು. ತೆಪ್ಪ ನಿಂತಿತು, ಒಂದು ಕಡೆ ಎದ್ದಿತು. ನೀರಿನೊಳಗೆ ಇದ್ದ ಕೊರಡಿನ ಮೇಲೆ ಹತ್ತಿದೆವೆಂದು ಆಮೇಲೆ ತಿಳಿಯಿತು. ನಾನು ಎದ್ದು ನಿಂತೆ. ನಿಲ್ಲಬಾರದು ಎಂದು ನೀನು ಕೂಗುತ್ತಿದ್ದಿರಬೇಕು. ನನಗೆ ಯಾವುದೂ ಕೇಳಿಸಲಿಲ್ಲ ಮಗಳೇ. ಗಾಳಿಯಿಲ್ಲ, ನೀರಿನ ಸದ್ದಿಲ್ಲ, ಏನೂ ಇಲ್ಲ. ಸೂರ್ಯನ ಬಿಸಿಲು ನಿನ್ನ ಹಿಂದಿತ್ತು, ತುಟಿ ಕಾಣಲಿಲ್ಲ. ನಿನ್ನ ಬಾಯಿ ಒಂದು ಕಪ್ಪು ತೂತಿನ ಹಾಗೆ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನೀನು ಮುಳುಗುತ್ತಿದ್ದೀಯ ಅಂದುಕೊಂಡೆ. ನಿನ್ನ ಕಡೆ ಒಂದು ಹೆಜ್ಜೆ ಇಟ್ಟೆ. ಅದೇ ತಪ್ಪಾಯಿತು. ನೀರು ನನ್ನ ಪಾದದ ಮೇಲೆ ಹರಿದು ಬಂತು.

ನೀನು ಹುಟ್ಟು ಬಿಟ್ಟು ತೆವಳಿಕೊಂಡು ಬಂದೆ. ನನ್ನ ಎರಡು ಭುಜ ಹಿಡಿದು ಒತ್ತಿ ಕೂರಿಸಿದೆ. ಚಿಕ್ಕಂದಿನಲ್ಲಿ ನಿನ್ನನ್ನು ನಾನು ಎಣ್ಣೆ ಹಚ್ಚಲು ಕೂರಿಸುತ್ತಿದ್ದೆನಲ್ಲ, ಅಷ್ಟೇ ಒರಟಾಗಿ. ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನಿನ್ನ ಮುಖಕ್ಕೆ ತಿರುಗಿಸಿಕೊಂಡೆ. ಹತ್ತಿರದಿಂದ ತುಟಿ ಕಂಡಿತು. “ಅವ್ವ, ಅಲ್ಲಾಡಬ್ಯಾಡ. ನೀರು ಮೊಗಿ.” ನಾನು ಹೋಳಿಗೆಯನ್ನೆಲ್ಲ ನೀರಿಗೆ ಸುರಿದು ಆ ಡಬ್ಬಿಯಲ್ಲಿ ಮೊಗೆದೆ. ನೀನು ಮಂಡಿಯೂರಿ ಕೊರಡಿಗೆ ಹುಟ್ಟು ಕೊಟ್ಟು ತಳ್ಳಿದೆ, ಮತ್ತೆ ತಳ್ಳಿದೆ.

ಆಗ ನಿನ್ನ ಮುಖ ನೋಡಿದೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ನೀನು ಧೈರ್ಯ ಕಲಿತಿದ್ದೀಯ ಅಂದುಕೊಂಡು ಬಂದಿದ್ದೆ. ನೀನು ನನ್ನಷ್ಟೇ ಹೆದರಿದ್ದೆ. ಹೆದರಿಕೊಂಡೇ ನನ್ನನ್ನು ದಡಕ್ಕೆ ತಂದೆ. ದಿನವೂ ಹೀಗೇ ಹೋಗಿ ಬರುತ್ತೀಯ ಎನ್ನುವುದು ನನಗೆ ಅಲ್ಲಿ ತಿಳಿಯಿತು. ಅದು ತಿಳಿದ ಮೇಲೆ ಭಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಬಿಟ್ಟು ಬಾ ಎಂದು ನಿನ್ನೆ ಒಂದು ಕಾಗದ ಬರೆದೆ. ಒಲೆಗೆ ಹಾಕಿದೆ. ಅಲ್ಲಿದ್ದಾಗ ಹುಚ್ಚಕ್ಕನ ಗುಡಿಸಲಲ್ಲಿ ಆ ಮುದುಕಿ ನನ್ನ ಕೈ ಹಿಡಿದುಕೊಂಡು ಏನೋ ಹೇಳಿದಳು. ಅವಳ ತುಟಿ ಅರ್ಧವೇ ಆಡುತ್ತದೆ, ನನಗೆ ಕಿವಿಯಿಲ್ಲ. ನಾನೂ ಅವಳ ಕೈ ಬಿಡಲಿಲ್ಲ.

ಅವ್ವ

---

ಸೀಗೆಹಟ್ಟಿ
೧೮ ಜನವರಿ ೨೦೨೬

ಅವ್ವಾ,

ರಸ್ತೆಗೆ ಮಣ್ಣು ಬೀಳುತ್ತಿದೆ. ಎರಡೂ ದಡದಿಂದ ಲಾರಿಗಳು ಸುರಿಯುತ್ತ ಬರುತ್ತಿವೆ. ಯುಗಾದಿ ಹೊತ್ತಿಗೆ ಬಸ್ಸು ಹಟ್ಟಿಯವರೆಗೆ ಬರುತ್ತದೆ ಅನ್ನುತ್ತಾರೆ. ನನಗೆ ತೆಪ್ಪ ಹತ್ತುವ ಕೆಲಸ ಇರುವುದಿಲ್ಲ. ಈ ಸುದ್ದಿಯನ್ನು ಮೊದಲು ನಿನಗೆ ಬರೆಯಬೇಕು ಅನ್ನಿಸಿತು.

ಸುದ್ದಿ ಬಂದ ಸಂಜೆ ದಡಕ್ಕೆ ಹೋಗಿ ಕೂತೆ. ಒಂದು ವರ್ಷ ಆಗುತ್ತ ಬಂತು. ಹಿಂತಿರುಗಿ ನೋಡಿದರೆ ಹೆದರಿಕೆಯೇ ಕಾಣುತ್ತದೆ ಅಂದುಕೊಂಡಿದ್ದೆ. ಅದು ಇದೆ. ಆದರೆ ಅದರ ಸುತ್ತ ಬೇರೆಯವೂ ಇವೆ. ಮಂಜು ಮುಸುಕಿದ ಬೆಳಿಗ್ಗೆ ದಾರಿ ತಪ್ಪದಿರಲೆಂದು ಹುಡುಗಿಯರು ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದರು, ಆಚೆ ದಡದ ಹುಡುಗಿಯರು ಅಲ್ಲಿಂದ ಮುಂದಿನ ಸಾಲು ಕೂಗುತ್ತಿದ್ದರು. ಆ ದನಿಯ ಕಡೆಗೆ ನಾನು ಎಳೆಯುತ್ತಿದ್ದೆ. ಚಳಿಗಾಲಕ್ಕೆ ಬಂದ ದೊಡ್ಡ ಕೊಕ್ಕಿನ ಹಕ್ಕಿಗಳು ತೆಪ್ಪ ಕಂಡರೂ ಏಳುವುದಿಲ್ಲ. ಮದುವೆಯಾಗಿ ಬಂದ ಹೊಸ ಸೊಸೆಯೊಬ್ಬಳು ನನ್ನ ಸೊಂಟ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. “ಹೆದರ್ದೋರು ನಡುವೆ ಕುಂತ್ಕಳ್ರಿ,” ಅಂದೆ. ಅಂದ ಮೇಲೆ ಅದು ಹುಚ್ಚಕ್ಕನ ಮಾತೆಂದು ನೆನಪಾಯಿತು.

ಈಗ ಕೇಳಬೇಕಾದ್ದು ಕೇಳುತ್ತೇನೆ.

ಹುಚ್ಚಕ್ಕ ಹುಟ್ಟಿದ್ದು ಮಾರಿಕಣಿವೆಯ ಹತ್ತಿರದ ಒಂದು ಮೀನುಗಾರರ ಕೇರಿಯಲ್ಲಿ. ಅಲ್ಲಿ ಅವಳ ಅಕ್ಕ ಇದ್ದಾಳೆ. ಕಾಯಿಲೆಯಾದ ಮೇಲೆ ನೋಡಿಲ್ಲ. ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದರೆ ತಲೆ ಅಲ್ಲಾಡಿಸಿ ನೀರಿನ ಕಡೆ ಎಡಗೈ ತೋರಿಸುತ್ತಾಳೆ. ರಸ್ತೆ ಆದ ಮೇಲೆ, ಗಾಳಿ ಶುರುವಾಗುವ ಮುಂಚೆ, ನಾನು ರಜೆ ಹಾಕಿ ಅವಳನ್ನು ತೆಪ್ಪದಲ್ಲೇ ಕರೆದೊಯ್ಯಬೇಕೆಂದಿದ್ದೇನೆ. ದಡ ಹಿಡಿದುಕೊಂಡೇ ಹೋಗುವುದು. ಬೆಳಿಗ್ಗೆ ಮಾತ್ರ ಹುಟ್ಟು ಹಾಕುವುದು, ಬಿಸಿಲೇರಿದರೆ ನೆರಳಿಗೆ ಹತ್ತುವುದು, ತಣ್ಣಗಾದ ಮೇಲೆ ಸ್ವಲ್ಪ ಹೋಗಿ ಊರು ಸೇರುವುದು. ಎರಡು ಕಡೆ ರಾತ್ರಿ ತಂಗಬೇಕು. ಅಣೆಕಟ್ಟೆಯ ಹತ್ತಿರಕ್ಕೆ ತೆಪ್ಪ ಬಿಡುವುದಿಲ್ಲ, ಅದಕ್ಕೆ ಮುಂಚೆಯೇ ಇಳಿಯುತ್ತೇವೆ. ಇದು ಸರಿಹೋದರೆ ಮುಂದಿನ ವರ್ಷ ಮಳೆ ನಿಂತ ಮೇಲೆ ವೇದಾವತಿ ಹೊಳೆ ಈ ನೀರಿಗೆ ಬಂದು ಸೇರುವ ಕಡೆಗೆ, ಮೇಲಕ್ಕೆ ಹೋಗಿ ನೋಡುವ ಆಸೆ. ಹರಿಹರದಲ್ಲಿ ತುಂಗಭದ್ರೆಯನ್ನೂ ಒಮ್ಮೆ ದಾಟಬೇಕು. ಆದರೂ ಆ ದುಪಟ್ಟಾದ ಗಂಟು ಸಡಿಲವಾಗುವುದು ಈಗಲೂ ಕನಸಿನಲ್ಲಿ ಬರುತ್ತದೆ.

ಕೆಲಸಕ್ಕಾದರೆ ನಿನ್ನನ್ನು ಕೇಳದೆ ಹೋದೆ. ಇದು ಕೆಲಸವಲ್ಲ. ನೀನು ಬೇಡವೆಂದರೆ ಹೋಗುವುದಿಲ್ಲ.

ದಾಕ್ಷಾಯಿಣಿ

---

ಚಿಕ್ಕಜಾಜೂರು
೫ ಫೆಬ್ರುವರಿ ೨೦೨೬

ದಾಕ್ಷಾಯಿಣಿ,

ರಸ್ತೆಯ ಸುದ್ದಿ ಓದಿ ಕಾಗದವನ್ನು ಕಣ್ಣಿಗೆ ಒತ್ತಿಕೊಂಡೆ. ಪುಟ ತಿರುಗಿಸಿ ಉಳಿದದ್ದು ಓದಿದ ಮೇಲೆ ಚಂದ್ರಕ್ಕನ ಹತ್ತಿರ ಹೇಳಿದೆ: “ನನ್ನ ಮಗಳಿಗೆ ತಲೆ ಕೆಟ್ಟೈತೆ.” ಅವಳು ಪೂರ್ತಿ ಓದಿಸಿಕೊಂಡು, “ಬ್ಯಾಡ ಅಂತ ಬರಿ ಮತ್ತೆ,” ಅಂದಳು. ಬರೆಯುತ್ತೇನೆ ಅಂದೆ. ಹಲವು ದಿನ ಬರೆಯಲಿಲ್ಲ.

ಬೇಡ ಅಂದರೆ ನೀನು ನಿಲ್ಲುತ್ತೀಯ. ನನಗೆ ಗೊತ್ತು. ಆಮೇಲೆ ಆ ಮುದುಕಿ ನೀರಿನ ಕಡೆ ಕೈ ತೋರಿಸಿದಾಗಲೆಲ್ಲ ನೀನು ನನ್ನ ಮಾತು ನೆನೆಯುತ್ತೀಯ. ಅದು ನನಗೆ ಬೇಡ. ಹೋಗು ಎಂದು ಬರೆಯಲೂ ಕೈ ಬರುತ್ತಿಲ್ಲ. ಆದ್ದರಿಂದ ಹೀಗೆ ಮಾಡು.

ಎರಡು ರಾತ್ರಿ ತಂಗುವ ಊರುಗಳ ಹೆಸರು ಬರಿ, ಕೊನೆಗೆ ಇಳಿಯುವ ಜಾಗದ್ದೂ ಬರಿ. ಚಂದ್ರಕ್ಕ ಅಂಗಡಿ ನೋಡಿಕೊಳ್ಳಲು ಒಪ್ಪಿದ್ದಾಳೆ. ನಾನು ಹೊಸದುರ್ಗಕ್ಕೆ ಬಂದು ಅಲ್ಲಿಂದ ಬಸ್ಸು ಕೇಳಿಕೊಂಡು ಆ ಊರು ಸೇರುತ್ತೇನೆ. ಬಸ್ಸಿಲ್ಲದ ಕಡೆಗೆ ಆಟೋ, ಆಟೋ ಇಲ್ಲದಿದ್ದರೆ ನಡೆಯುತ್ತೇನೆ. ಕೊನೆಯ ದಿನ ಹಿರಿಯೂರಿನ ಕಡೆಯಿಂದ ಬರುತ್ತೇನೆ. ನಾನು ತೆಪ್ಪ ಹತ್ತುವುದಿಲ್ಲ, ಇನ್ನು ಈ ಜನ್ಮದಲ್ಲಿ ಹತ್ತುವುದಿಲ್ಲ. ದಡದಲ್ಲಿ ಕೂರುತ್ತೇನೆ. ನೀನು ಅಲ್ಲಿದ್ದೀಯೋ ಇಲ್ಲವೋ ಎಂದು ಇನ್ನೊಬ್ಬರ ಮುಖ ನೋಡಿ ತಿಳಿದುಕೊಳ್ಳುವುದು ನನ್ನಿಂದ ಇನ್ನು ಆಗದು.

ಹುಚ್ಚಕ್ಕನಿಗೂ ಜಾಕೆಟ್ ತೊಡಿಸು. ಸೆಕೆ ಎಂದರೂ ಬಿಡಬೇಡ, ಅವಳ ಒಂದು ಕೈ ಏಳುವುದಿಲ್ಲ. ದುಪಟ್ಟಾ ಸಾಲದು, ಗಟ್ಟಿ ಹಗ್ಗ ತೆಗೆದುಕೋ. ಹೊತ್ತು ಮುಳುಗುವ ಮುಂಚೆ ಬಂದುಬಿಡು. ಕತ್ತಲಾದರೆ ನನಗೆ ಕಣ್ಣೂ ಇಲ್ಲದಂತಾಗುತ್ತದೆ.

ದೂರದಿಂದ ಕೂಗಬೇಡ. ನನ್ನನ್ನು ಕಂಡ ಕೂಡಲೇ ಹುಟ್ಟನ್ನು ಮೇಲಕ್ಕೆತ್ತಿ ಹಿಡಿ. ನಾನು ನೀರಿನ ಕಡೆಗೇ ಮುಖ ಮಾಡಿ ಕೂತಿರುತ್ತೇನೆ.

ಅವ್ವ,
ಕೊಟ್ರಮ್ಮ